ಹಾದುಹೋಗುವವರನ್ನು ಇಳಿಸಿಕೊಂಡ ಊರು: ದುಬೈ ಪ್ರವಾಸೋದ್ಯಮದ ಒಳಲೆಕ್ಕ

ನಮ್ಮ ಕರಾವಳಿಯಲ್ಲಿ ಹಳಬರು ಈಗಲೂ ‘ದುಬಾಯಿ’ ಅಂತಲೇ ಹೇಳುವುದು. ನಾನು ಸಣ್ಣವನಿದ್ದಾಗ ಆ ಮಾತಿಗೆ ಒಂದೇ ಅರ್ಥ ಇತ್ತು, ದುಡಿಯಲು ಹೋಗುವ ಜಾಗ. ನಮ್ಮ ಚಿಕ್ಕಪ್ಪ ಅಲ್ಲಿನ ದೇರಾ ಎಂಬ ಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವಾಗ ಟೇಪ್ ರೆಕಾರ್ಡರ್, ಸೆಂಟು, ಟ್ಯಾಂಗ್ ಡಬ್ಬಿ ತರುತ್ತಿದ್ದರು. ಅಲ್ಲಿ ನೋಡುವುದಕ್ಕೆ ಏನೇನಿದೆ ಎಂದು ನಾವು ಮಕ್ಕಳು ಕೇಳಿದರೆ, “ಎಂತ ಉಂಟು ಮಗಾ, ಹೊಯಿಗೆ ಮತ್ತೆ ಸೆಕೆ” ಅನ್ನುತ್ತಿದ್ದರು.

ಆ ಹೊಯಿಗೆ ಮತ್ತು ಸೆಕೆಯ ಊರಿಗೆ ಈಗ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಜನ ಮಕ್ಕಳನ್ನು ಕಟ್ಟಿಕೊಂಡು ರಜೆ ಕಳೆಯಲು ಹೋಗುತ್ತಾರೆ. 2024ರಲ್ಲಿ ದುಬೈಯಲ್ಲಿ ಒಂದು ರಾತ್ರಿಯಾದರೂ ತಂಗಿದ ವಿದೇಶಿಯರ ಸಂಖ್ಯೆ 1 ಕೋಟಿ 87 ಲಕ್ಷ. ಆಗ ಆ ಊರಿನ ಜನಸಂಖ್ಯೆ 40 ಲಕ್ಷದ ಒಳಗಿತ್ತು. ಅಂದರೆ ಊರವರ ಸುಮಾರು ಐದು ಪಟ್ಟು ನೆಂಟರು ಒಂದೇ ವರ್ಷದಲ್ಲಿ ಬಂದು ಹೋದರು. ನದಿಯಿಲ್ಲ, ಕಾಡಿಲ್ಲ, ವರ್ಷದ ನಾಲ್ಕು ತಿಂಗಳು ಹೊರಗೆ ಕಾಲಿಡಲು ಆಗುವುದಿಲ್ಲ. ಆದರೂ ಇಷ್ಟು ಜನ ಯಾಕೆ ಬರುತ್ತಾರೆ?

ಎಣ್ಣೆ ದುಡ್ಡಿತ್ತು, ದೊಡ್ಡ ದೊಡ್ಡ ಕಟ್ಟಡ ಕಟ್ಟಿದರು, ಜನ ಬಂದರು. ಇದು ಎಲ್ಲರೂ ಕೊಡುವ ಉತ್ತರ. ಇದು ಅರ್ಧ ಮಾತ್ರ ನಿಜ. ಎಣ್ಣೆಯ ದೊಡ್ಡ ಪಾಲು ಇರುವುದು ಪಕ್ಕದ ಅಬುಧಾಬಿಯಲ್ಲಿ. ದುಬೈಗೆ ಎಣ್ಣೆ ಸಿಕ್ಕಿದ್ದು 1966ರಲ್ಲಿ, ಮಾರಾಟ ಶುರುವಾದದ್ದು 1969ರಲ್ಲಿ, ಸಿಕ್ಕಿದ್ದೂ ಕಡಿಮೆಯೇ. ಇವತ್ತು ಅದರ ಆರ್ಥಿಕತೆಯಲ್ಲಿ ಎಣ್ಣೆಯ ಪಾಲು ನೂರಕ್ಕೆ ಎರಡಕ್ಕಿಂತ ಕಡಿಮೆ. ನನ್ನ ಪ್ರಕಾರ ದುಬೈಯ ನಿಜವಾದ ಬಂಡವಾಳ ದಾರಿ. ಮೊದಲು ನೀರಿನ ದಾರಿ, ಆಮೇಲೆ ಆಕಾಶದ ದಾರಿ. ಅಲ್ಲಿನ ಎಲ್ಲ ಆಕರ್ಷಣೆಗಳೂ ಆ ದಾರಿಯಲ್ಲಿ ಹಾದುಹೋಗುವವರನ್ನು ಒಂದು ಕ್ಷಣ ಇಳಿಸಿಕೊಳ್ಳುವುದಕ್ಕೆ ಹುಟ್ಟಿಕೊಂಡವು. ಅದನ್ನು ಹೀಗೆ ನೋಡಿದರೆ ಆ ಊರಿನ ಶಕ್ತಿಯೂ ಅರ್ಥವಾಗುತ್ತದೆ, ಅದರ ಭಯವೂ ಅರ್ಥವಾಗುತ್ತದೆ.

ದುಬೈ ಊರಿನ ನಡುವೆ ಸಮುದ್ರದ ಒಂದು ಕವಲು ನುಗ್ಗಿದೆ. ಅರಬಿಯಲ್ಲಿ ಖೋರ್, ನಮ್ಮವರ ಬಾಯಲ್ಲಿ ಕ್ರೀಕ್. ನಮ್ಮ ಅಳಿವೆಗಳಂತೆ ಅದರಲ್ಲೂ ಹೂಳು ತುಂಬುತ್ತಿತ್ತು, ದೊಡ್ಡ ಹಡಗು ಒಳಗೆ ಬರುತ್ತಿರಲಿಲ್ಲ. 1960ರ ಆಸುಪಾಸಿನಲ್ಲಿ ಆಗಿನ ಆಡಳಿತಗಾರ ಶೇಖ್ ರಶೀದ್ ಬಿನ್ ಸಯೀದ್ ಕುವೈತ್‌ನಿಂದ ಸಾಲ ತಂದು ಆ ಹೂಳೆತ್ತಿಸಿದರು. ಎಣ್ಣೆ ಸಿಗುವುದಕ್ಕೂ ಮುಂಚಿನ ಮಾತಿದು. ಕೈಯಲ್ಲಿ ದುಡ್ಡಿಲ್ಲದಾಗಲೇ ಸಾಲ ಮಾಡಿ ದಾರಿ ಅಗಲ ಮಾಡಿದರು. 1960ರಲ್ಲೇ ಮರಳನ್ನು ಗಟ್ಟಿ ಮಾಡಿದ ರನ್‌ವೇ ಮೇಲೆ ವಿಮಾನ ನಿಲ್ದಾಣವೂ ಶುರುವಾಯಿತು. 1979ರಲ್ಲಿ ಜೆಬೆಲ್ ಅಲಿ ಬಂದರು ಬಂತು. ಮೊದಲು ದಾರಿ ಮಾಡು, ಜನ ಆಮೇಲೆ ಬರುತ್ತಾರೆ ಎಂಬ ಈ ಅಭ್ಯಾಸ ಇವತ್ತಿಗೂ ಅಲ್ಲಿ ಬದಲಾಗಿಲ್ಲ.

1980ರ ದಶಕದ ನಡುವೆ ಗಲ್ಫ್ ಏರ್ ಸಂಸ್ಥೆ ದುಬೈಗೆ ಬರುವ ವಿಮಾನಗಳನ್ನು ಕಡಿಮೆ ಮಾಡಿತು. ಆಗ ದುಬೈ ಸುಮ್ನೆ ಕೂರಲಿಲ್ಲ. 1 ಕೋಟಿ ಡಾಲರ್ ಬಂಡವಾಳದಲ್ಲಿ ತನ್ನದೇ ವಿಮಾನ ಸಂಸ್ಥೆ ಶುರು ಮಾಡಿತು. ಅದೇ ಎಮಿರೇಟ್ಸ್. ಎರಡು ವಿಮಾನಗಳನ್ನು ಪಾಕಿಸ್ತಾನದ ಸಂಸ್ಥೆಯಿಂದ ಬಾಡಿಗೆಗೆ ಪಡೆದು, 1985ರ ಅಕ್ಟೋಬರ್ 25ರಂದು ಮೊದಲ ಬಾರಿಗೆ ಕರಾಚಿಗೆ ಹಾರಿಸಿದರು. ಮೊದಮೊದಲ ಊರುಗಳ ಪಟ್ಟಿಯಲ್ಲಿ ಮುಂಬೈ, ದೆಹಲಿಯೂ ಇದ್ದವು. ದುಬೈಯ ಈ ಆಕಾಶದ ದಾರಿಗೆ ಮೊದಲು ಟಿಕೆಟ್ ಕೊಂಡವರಲ್ಲಿ ನಮ್ಮ ಉಪಖಂಡದ ಕೂಲಿಯವರು, ವ್ಯಾಪಾರಿಗಳು ಇದ್ದರು ಎಂಬುದನ್ನು ಮರೆಯಬಾರದು.

ಭೂಪಟ ತೆರೆದು ನೋಡಿ. ಯುರೋಪ್ ಒಂದು ಕಡೆ, ಭಾರತ, ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ ಇನ್ನೊಂದು ಕಡೆ, ಕೆಳಗೆ ಆಫ್ರಿಕಾ. ನಡುವೆ ದುಬೈ. ಬೆಂಗಳೂರಿನಿಂದ ಲಂಡನ್‌ಗೋ ನ್ಯೂಯಾರ್ಕ್‌ಗೋ ಹೊರಟವರು ಅಲ್ಲಿ ವಿಮಾನ ಬದಲಿಸುತ್ತಾರೆ. 2024ರಲ್ಲಿ ದುಬೈ ವಿಮಾನ ನಿಲ್ದಾಣದ ಲೆಕ್ಕದಲ್ಲಿ 9 ಕೋಟಿ 23 ಲಕ್ಷ ಪ್ರಯಾಣಿಕರು. ಹತ್ತುವಾಗ ಒಂದು, ಇಳಿಯುವಾಗ ಒಂದು ಎಂದು ಎಣಿಸುವ ಲೆಕ್ಕ ಇದು. ಇವರಲ್ಲಿ ತುಂಬಾ ಜನ ಊರನ್ನು ನೋಡುವುದೇ ಇಲ್ಲ. ಡ್ಯೂಟಿ ಫ್ರೀ ಅಂಗಡಿ ಸುತ್ತಿ, ಕುರ್ಚಿಯಲ್ಲಿ ತೂಕಡಿಸಿ, ಮುಂದಿನ ವಿಮಾನ ಹಿಡಿಯುತ್ತಾರೆ. ಇವರನ್ನು ಎರಡು ದಿನ ಹೊರಗೆ ಕರೆದುಕೊಂಡು ಬಂದರೆ ಹೇಗೆ? ದುಬೈ ಪ್ರವಾಸೋದ್ಯಮದ ಬೇರು ಈ ಪ್ರಶ್ನೆಯಲ್ಲಿದೆ. 1996ರಲ್ಲಿ ಶುರುವಾದ ಶಾಪಿಂಗ್ ಫೆಸ್ಟಿವಲ್, 1999ರಲ್ಲಿ ದಡದಿಂದ ಸ್ವಲ್ಪ ದೂರ ಸಮುದ್ರದೊಳಗೆ ಹಾಯಿಯ ಆಕಾರದಲ್ಲಿ ಎದ್ದು ನಿಂತ ಬುರ್ಜ್ ಅಲ್ ಅರಬ್ ಹೋಟೆಲ್, ಎಲ್ಲವೂ ಆ ಪ್ರಶ್ನೆಗೆ ಕೊಟ್ಟ ಉತ್ತರಗಳೇ.

ನಾಲ್ಕು ದಿನದ ಲೆಕ್ಕ

2024ರಲ್ಲಿ ಒಬ್ಬ ಪ್ರವಾಸಿ ದುಬೈಯಲ್ಲಿ ಸರಾಸರಿ ಉಳಿದದ್ದು 3.7 ರಾತ್ರಿ. ಅಲ್ಲಿನ ಎಲ್ಲ ಅಂಕಿಗಳಲ್ಲಿ ನನಗೆ ಜಾಸ್ತಿ ಅರ್ಥಪೂರ್ಣ ಅನಿಸಿದ್ದು ಇದು. ಒಂದೂವರೆ ಲಕ್ಷಕ್ಕಿಂತ ಹೆಚ್ಚು ಹೋಟೆಲ್ ಕೋಣೆಗಳಿವೆ, ಆ ವರ್ಷಪೂರ್ತಿ ಸರಾಸರಿ ನೂರಕ್ಕೆ 78 ಕೋಣೆ ತುಂಬಿದ್ದವು. ಆದರೆ ಬಂದವರು ನಾಲ್ಕು ದಿನದಲ್ಲಿ ಹೊರಟುಬಿಡುತ್ತಾರೆ. ಹಾಗಾಗಿ ಇಡೀ ಊರನ್ನು ನಾಲ್ಕು ದಿನಕ್ಕೆ ಅಳೆದು ಹೊಲಿದಂತಿದೆ.

ನಮ್ಮೂರಿನ ಯಾವುದೇ ಟ್ರಾವೆಲ್ ಏಜೆಂಟರ ಬಳಿ ‘ದುಬೈ ಪ್ಯಾಕೇಜ್’ ಕೇಳಿ. ಮೂರು ರಾತ್ರಿ ನಾಲ್ಕು ಹಗಲು, ಇಲ್ಲವೇ ನಾಲ್ಕು ರಾತ್ರಿ ಐದು ಹಗಲು. ಒಂದು ಸಂಜೆ ಮರದ ಹಡಗಿನಲ್ಲಿ ಊಟ. ಒಂದು ದಿನ ಬುರ್ಜ್ ಖಲೀಫಾದ 124ನೇ ಮಹಡಿ, ಕೆಳಗೆ ದುಬೈ ಮಾಲ್, ಕತ್ತಲಾದ ಮೇಲೆ ಕಾರಂಜಿ. ಒಂದು ಮಧ್ಯಾಹ್ನ ಮರಳುಗಾಡಿನ ಸಫಾರಿ. ಒಂದು ದಿನ ಅಬುಧಾಬಿಗೆ ಹೋಗಿ ಶೇಖ್ ಝಾಯೆದ್ ಮಸೀದಿ, 2024ರ ಫೆಬ್ರವರಿಯಲ್ಲಿ ತೆರೆದ ಸ್ವಾಮಿನಾರಾಯಣ ಮಂದಿರ. ಸಮಯ ಉಳಿದರೆ ಮಿರಾಕಲ್ ಗಾರ್ಡನ್, ಗ್ಲೋಬಲ್ ವಿಲೇಜ್, ಮ್ಯೂಸಿಯಂ ಆಫ್ ದಿ ಫ್ಯೂಚರ್. ಒಂದೊಂದಕ್ಕೂ ಎರಡು ಮೂರು ಗಂಟೆ ಸಾಕು. ಹಂಪಿಗೆ ಹೋದವರು ಒಂದು ವಾರ ಇದ್ದರೂ ಮುಗಿಯಲಿಲ್ಲ ಅನ್ನುತ್ತಾರೆ, ಅಲ್ವಾ? ದುಬೈಯ ಹೊಸ ಆಕರ್ಷಣೆಗಳು ಒಂದು ಸಲಕ್ಕೆ ಮುಗಿಯುತ್ತವೆ. ನೋಡಿದವರನ್ನು ಮತ್ತೆ ಕರೆಸಬೇಕಾದರೆ ಹೊಸದೊಂದನ್ನು ಕಟ್ಟಬೇಕು. ಎರಡು ವರ್ಷಕ್ಕೊಂದು ‘ಜಗತ್ತಿನಲ್ಲೇ ಮೊದಲು’, ‘ಜಗತ್ತಿನಲ್ಲೇ ಎತ್ತರ’ ಎಂಬ ಸುದ್ದಿ ಅಲ್ಲಿಂದ ಯಾಕೆ ಬರುತ್ತದೆ ಎಂಬುದಕ್ಕೆ ಕಾರಣ ಇದು. ಜಂಬಕ್ಕಾಗಿ ಮಾಡುತ್ತಾರೆ ಎಂದು ತಳ್ಳಿಹಾಕುವುದು ಸುಲಭ. ಅದು ಆ ವ್ಯಾಪಾರದ ಅನಿವಾರ್ಯತೆ.

ಇನ್ನೊಂದು ವಿಷಯ ಗಮನಿಸಬೇಕು. ಅಲ್ಲಿ ಯಾವ ಆಕರ್ಷಣೆಯೂ ಬರೀ ಟಿಕೆಟ್ ದುಡ್ಡನ್ನು ನಂಬಿಕೊಂಡಿಲ್ಲ. ಬುರ್ಜ್ ಖಲೀಫಾವನ್ನೇ ತೆಗೆದುಕೊಳ್ಳಿ. 828 ಮೀಟರ್ ಎತ್ತರ, ತೆರೆದದ್ದು 2010ರ ಜನವರಿ 4ರಂದು. ಇದರ ತುದಿಯ ಸುಮಾರು 244 ಮೀಟರಿನಲ್ಲಿ ಯಾರೂ ವಾಸಿಸಲು ಆಗುವುದಿಲ್ಲ. ಅಷ್ಟು ಭಾಗ ಎತ್ತರಕ್ಕಾಗಿಯೇ ಇರುವ ಎತ್ತರ. ಖರ್ಚಿನ ದೃಷ್ಟಿಯಿಂದ ಇದು ಹುಚ್ಚು ಅನಿಸಬಹುದು. ಆದರೆ ಕಟ್ಟಿದ ಎಮಾರ್ ಕಂಪನಿಯ ಕೈಯಲ್ಲಿ ಇದ್ದದ್ದು ಆ ಗೋಪುರ ಒಂದೇ ಅಲ್ಲ, ಸುತ್ತಲಿನ ಇಡೀ ಬಡಾವಣೆ. ಗೋಪುರದ ಹೆಸರಲ್ಲಿ ಸುತ್ತಲಿನ ಫ್ಲ್ಯಾಟುಗಳ ಬೆಲೆ ಏರಿತು, ಬುಡದಲ್ಲಿರುವ ಮಾಲಿನ ಅಂಗಡಿ ಬಾಡಿಗೆ ಏರಿತು. 2023ರಲ್ಲಿ ದುಬೈ ಮಾಲಿಗೆ ಬಂದವರ ಎಣಿಕೆ 10.5 ಕೋಟಿ. ಗೋಪುರ ಆ ಇಡೀ ವ್ಯಾಪಾರದ ಬೋರ್ಡು.

ಸಮುದ್ರದಲ್ಲಿ ಮರಳು ಸುರಿದು ಕಟ್ಟಿದ ಪಾಮ್ ಜುಮೇರಾ ದ್ವೀಪದ ಕಥೆಯೂ ಇದೇ. ದುಬೈಗೆ ಇರುವ ಸಹಜ ಕಡಲತೀರ ಸುಮಾರು 70 ಕಿಲೋಮೀಟರ್ ಮಾತ್ರ. ಸಮುದ್ರಕ್ಕೆ ಮುಖ ಮಾಡಿದ ಜಾಗಕ್ಕೆ ಬೆಲೆ ಜಾಸ್ತಿ, ಆದರೆ ಅಂಥ ಜಾಗವೇ ಕಡಿಮೆ. ಗುಂಡನೆಯ ದ್ವೀಪ ಕಟ್ಟಿದರೆ ಸುತ್ತಳತೆ ಚಿಕ್ಕದು. ಖರ್ಜೂರದ ಮರದ ಆಕಾರದಲ್ಲಿ ಕಟ್ಟಿದರೆ ಒಂದೊಂದು ಗರಿಯ ಎರಡೂ ಬದಿಗೆ ನೀರು ತಾಗುತ್ತದೆ, ದಡ ಹತ್ತಾರು ಕಿಲೋಮೀಟರ್ ಹೆಚ್ಚುತ್ತದೆ. ಮೇಲಿನಿಂದ ಚೆಂದ ಕಾಣುವ ಚಿತ್ರದ ಹಿಂದೆ ಈ ಗಣಿತ ಇದೆ. ಇಷ್ಟು ಮರಳುಗಾಡು ಇದ್ದರೂ ಆ ಮರಳು ದ್ವೀಪ ಕಟ್ಟಲು ಉಪಯೋಗಕ್ಕೆ ಬರಲಿಲ್ಲ. ಗಾಳಿಗೆ ಉರುಳಿ ಉರುಳಿ ಕಾಳುಗಳು ನುಣುಪಾಗಿರುತ್ತವೆ, ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ಸುಮಾರು 9.4 ಕೋಟಿ ಘನ ಮೀಟರ್ ಮರಳನ್ನು ಕಡಲ ತಳದಿಂದ ಎತ್ತಿ ಸುರಿದರು. ಅಲೆ ತಡೆಯಲು ಸುತ್ತ ಕಲ್ಲಿನ ಗೋಡೆ ಹಾಕಿದಾಗ ಒಳಗಿನ ನೀರು ನಿಂತುಬಿಟ್ಟಿತು, ಆಮೇಲೆ ಗೋಡೆಯಲ್ಲಿ ಸಂದು ಬಿಡಿಸಿದರು. ಸಮುದ್ರ ತನ್ನ ದಾರಿ ಕೇಳಿ ಪಡೆಯಿತು ಎಂದು ನನಗೆ ಅನಿಸುತ್ತದೆ. ತಡೆಗೋಡೆ ಹಾಕಿ ಹಾಕಿ ಸೋತಿರುವ ಉಳ್ಳಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಲೆಕ್ಕ ಯಾವಾಗಲೂ ಸರಿಯಾಗಿ ಕೂತಿಲ್ಲ. 2008ರ ಜಾಗತಿಕ ಕುಸಿತದಲ್ಲಿ ಜಾಗದ ಬೆಲೆ ಬಿತ್ತು. 2009ರ ನವೆಂಬರಿನಲ್ಲಿ ಸರ್ಕಾರಿ ಒಡೆತನದ ದುಬೈ ವರ್ಲ್ಡ್ ಸಾಲ ತೀರಿಸಲು ಕಾಲಾವಕಾಶ ಬೇಕು ಎಂದಾಗ ಜಗತ್ತಿನ ಷೇರು ಮಾರುಕಟ್ಟೆಗಳೇ ಅಲುಗಾಡಿದವು. ಡಿಸೆಂಬರಿನಲ್ಲಿ ಅಬುಧಾಬಿ 1,000 ಕೋಟಿ ಡಾಲರ್ ಕೊಟ್ಟು ಕೈಹಿಡಿಯಿತು. ಮರುತಿಂಗಳು ಗೋಪುರದ ಉದ್ಘಾಟನೆಯ ದಿನ ‘ಬುರ್ಜ್ ದುಬೈ’ ಎಂದಿದ್ದ ಹೆಸರು ಅಬುಧಾಬಿಯ ಆಗಿನ ಆಡಳಿತಗಾರ ಶೇಖ್ ಖಲೀಫಾ ಅವರ ಹೆಸರಾಯಿತು. ಭೂಪಟದ ಆಕಾರದಲ್ಲಿ ಸುರಿದ ‘ದಿ ವರ್ಲ್ಡ್’ ದ್ವೀಪಗಳಲ್ಲಿ ಹೆಚ್ಚಿನವು ವರ್ಷಗಟ್ಟಲೆ ಬರೀ ಮರಳ ದಿಬ್ಬಗಳಾಗಿ ಬಿದ್ದಿದ್ದವು.

ಕೊರೊನಾ ಬಂದಾಗ ಪೆಟ್ಟು ಬಿದ್ದದ್ದು ನೇರವಾಗಿ ದಾರಿಗೆ. 2019ರಲ್ಲಿ 1 ಕೋಟಿ 67 ಲಕ್ಷ ಇದ್ದ ಪ್ರವಾಸಿಗರು 2020ರಲ್ಲಿ 55 ಲಕ್ಷಕ್ಕೆ ಇಳಿದರು. ಆದರೆ ಆ ವರ್ಷದ ಜುಲೈ 7ಕ್ಕೇ ದುಬೈ ಪ್ರವಾಸಿಗರಿಗೆ ಬಾಗಿಲು ತೆರೆಯಿತು. ಒಂದು ವರ್ಷ ಮುಂದಕ್ಕೆ ಹೋಗಿದ್ದ ಎಕ್ಸ್‌ಪೋ 2020 ಮೇಳವನ್ನು 2021ರ ಅಕ್ಟೋಬರಿನಿಂದ ಆರು ತಿಂಗಳು ನಡೆಸಿತು. 2023ಕ್ಕೆ ಹಳೆಯ ದಾಖಲೆ ದಾಟಿತು. ಆ ವರ್ಷ ಬಂದವರಲ್ಲಿ ಭಾರತೀಯರೇ 24.6 ಲಕ್ಷ, ಬೇರೆ ಎಲ್ಲ ದೇಶದವರಿಗಿಂತ ಹೆಚ್ಚು.

ಸೆಕೆ, ನೀರು, ಬೆವರು

ಮಾಲ್ ಆಫ್ ದಿ ಎಮಿರೇಟ್ಸ್ ಒಳಗೆ 2005ರಿಂದ ಹಿಮದ ಇಳಿಜಾರು ಇದೆ. ಹೊರಗೆ 45 ಡಿಗ್ರಿ ಇರುವಾಗ ಒಳಗೆ ಸೊನ್ನೆಗಿಂತ ಕೆಳಗೆ. ಮಕ್ಕಳಿಗೆ ತುಂಬಾ ಖುಷಿ ಕೊಡುವ ಜಾಗ, ಅದನ್ನು ಒಪ್ಪುತ್ತೇನೆ. ಆದರೆ ಅಲ್ಲಿ ತಂಪು ಪುಕ್ಕಟೆ ಅಲ್ಲ. ಮಾಲು, ಹೋಟೆಲು, ಮೆಟ್ರೋ, ಬಸ್ ನಿಲ್ದಾಣ ಕೂಡ ತಂಪಾಗಿರಬೇಕು. ಬೇಸಿಗೆಯಲ್ಲಿ ವಿದ್ಯುತ್ತಿನ ಬಹುಪಾಲು ಹೋಗುವುದು ಇದಕ್ಕೇ. ಹೆಚ್ಚಿನದು ಅನಿಲದಿಂದ ಬರುವ ವಿದ್ಯುತ್. ಈಚೆಗೆ ಸೌರಶಕ್ತಿ ದೊಡ್ಡ ಪ್ರಮಾಣದಲ್ಲಿ ಸೇರಿದೆ. ಅಬುಧಾಬಿಯ ಬರಾಕಾ ಅಣುಸ್ಥಾವರದ ನಾಲ್ಕೂ ಘಟಕಗಳು 2024ಕ್ಕೆ ಪೂರ್ತಿ ಓಡತೊಡಗಿ, ದೇಶದ ವಿದ್ಯುತ್ತಿನಲ್ಲಿ ಕಾಲುಭಾಗ ಕೊಡುತ್ತಿವೆ. ಇದು ನಿಜವಾದ ಬದಲಾವಣೆ.

ನೀರಿನ ಕಥೆ ಕಷ್ಟದ್ದು. ದುಬೈಯ ನಲ್ಲಿಯಲ್ಲಿ ಬರುವುದು ಬಹುತೇಕ ಪೂರ್ತಿ ಉಪ್ಪು ತೆಗೆದ ಸಮುದ್ರದ ನೀರು. ಉಪ್ಪು ತೆಗೆದ ಮೇಲೆ ಉಳಿಯುವ ಗಾಢ ಉಪ್ಪುನೀರು ಮತ್ತೆ ಸಮುದ್ರಕ್ಕೇ ಹೋಗುತ್ತದೆ. ಆ ಕೊಲ್ಲಿ ಆಳವಿಲ್ಲದ್ದು, ಸರಾಸರಿ 35 ಮೀಟರ್ ಅಷ್ಟೇ, ಮೊದಲೇ ಉಪ್ಪು ಜಾಸ್ತಿ. ಸುತ್ತಲಿನ ಎಲ್ಲ ದೇಶಗಳೂ ಅದೇ ಬಟ್ಟಲಿನಿಂದ ಕುಡಿದು ಅದೇ ಬಟ್ಟಲಿಗೆ ಉಪ್ಪು ಸುರಿಯುತ್ತಿವೆ. ಹೋಟೆಲಿನ ಈಜುಕೊಳದಲ್ಲಿ ಕಾಲಾಡಿಸುವಾಗ ಇದು ನೆನಪಾಗುವುದಿಲ್ಲ.

ನೀರು ಬೇಕಾದಲ್ಲಿ ಇಲ್ಲ, ಬೇಡವಾದಾಗ ಮುಗಿಲಿನಿಂದ ಸುರಿಯುತ್ತದೆ. 2024ರ ಏಪ್ರಿಲ್ 16ರಂದು ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 75 ವರ್ಷದ ದಾಖಲೆ ಮುರಿದ ಮಳೆ ಬಂತು. ಅಲ್ ಐನ್ ಕಡೆಯ ಒಂದು ಜಾಗದಲ್ಲಿ 24 ಗಂಟೆಯೊಳಗೆ 254 ಮಿಲಿಮೀಟರ್. ಆಗುಂಬೆಯವರಿಗೆ ಅದು ಜೂನ್ ತಿಂಗಳ ಒಂದು ದಿನ ಇರಬಹುದು. ದುಬೈಗೆ ಅದು ಎರಡು ವರ್ಷಕ್ಕೂ ಮಿಕ್ಕಿದ ಮಳೆ. ಚರಂಡಿಯೇ ಇಲ್ಲದ ರಸ್ತೆಗಳಲ್ಲಿ ಕಾರು ತೇಲಿದವು, ರನ್‌ವೇ ಕೆರೆಯಾಯಿತು, ಸಾವಿರಾರು ಪ್ರಯಾಣಿಕರು ದಿನಗಟ್ಟಲೆ ನಿಲ್ದಾಣದ ನೆಲದ ಮೇಲೆ ಮಲಗಿದರು. ಮೋಡ ಬಿತ್ತನೆಯಿಂದ ಹೀಗಾಯಿತು ಎಂಬ ಸುದ್ದಿ ನಮ್ಮ ವಾಟ್ಸಾಪಿನಲ್ಲೂ ಓಡಾಡಿತು. ಆ ಮಳೆಗೆ ಬಿತ್ತನೆ ಮಾಡಿಲ್ಲ ಎಂದು ಅಲ್ಲಿನ ಹವಾಮಾನ ಕೇಂದ್ರ ಹೇಳಿತು, ಅಷ್ಟು ದೊಡ್ಡ ಮಳೆ ಬಿತ್ತನೆಯಿಂದ ಬರುವುದೂ ಇಲ್ಲ. ಎರಡೇ ತಿಂಗಳಲ್ಲಿ 3,000 ಕೋಟಿ ದಿರ್ಹಮ್‌ನ ಮಳೆನೀರು ಚರಂಡಿ ಯೋಜನೆ ಘೋಷಣೆಯಾಯಿತು. ಇಷ್ಟು ಎತ್ತರಕ್ಕೆ ಕಟ್ಟಿದವರು ನೆಲದಡಿ ನೋಡಲು ಶುರು ಮಾಡಿದ್ದಾರೆ, ಒಳ್ಳೆಯದೇ.

ಇನ್ನು ಬೆವರು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ಕಾನೂನಿದೆ. ಕಾನೂನು ಇರುವುದು ಒಳ್ಳೆಯದು. ಆದರೆ 12 ಗಂಟೆಗೂ 3:30ಕ್ಕೂ ಅಲ್ಲಿ ಸುಡುಬಿಸಿಲೇ. ಕಟ್ಟಡ ಕಟ್ಟಿದವರು, ಕೋಣೆ ಗುಡಿಸುವವರು, ಟ್ಯಾಕ್ಸಿ ಓಡಿಸುವವರು ಬಹುತೇಕ ಎಲ್ಲರೂ ಹೊರದೇಶದವರು, ಅದರಲ್ಲೂ ದಕ್ಷಿಣ ಏಷ್ಯಾದವರು. ಕಾರ್ಮಿಕರ ದೊಡ್ಡ ವಸತಿ ಇರುವ ಒಂದು ಜಾಗಕ್ಕೆ ನಮ್ಮವರೇ ಸೋನಾಪುರ್ ಎಂದು ಹೆಸರಿಟ್ಟಿದ್ದಾರೆ, ಚಿನ್ನದ ಊರು. ಯಾವ ಪ್ಯಾಕೇಜಿನ ಬಸ್ಸೂ ಅಲ್ಲಿಗೆ ಹೋಗುವುದಿಲ್ಲ. ವೀಸಾ ಕೆಲಸ ಕೊಟ್ಟವನ ಕೈಯಲ್ಲಿ ಇರುವ ತನಕ ಕೆಲಸಗಾರ ಗಟ್ಟಿಯಾಗಿ ಮಾತಾಡಲಾರ. ಈಚಿನ ವರ್ಷಗಳಲ್ಲಿ ಕೆಲಸ ಬದಲಿಸುವ ನಿಯಮ ಸಡಿಲವಾಗಿದೆ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಆದರೂ ಕಾಗದದ ನಿಯಮ ಕೋಣೆಯೊಂದರಲ್ಲಿ ಆರೆಂಟು ಮಂದಿ ಮಲಗುವವನ ತನಕ ತಲುಪಲು ಹೊತ್ತು ಬೇಕು. ನಮ್ಮ ಮನೆಗಳಿಂದ ಹೋದವರ ವಿಷಯ ಇದು, ಹಾಗಾಗಿ ನಾವು ಇದನ್ನು ಬಿಟ್ಟು ದುಬೈ ಬಗ್ಗೆ ಮಾತಾಡಲು ಆಗುವುದಿಲ್ಲ.

ಒಂದು ಚಳಿಗಾಲ ನಿವೃತ್ತ ಚಿಕ್ಕಪ್ಪನೂ ನಮ್ಮ ಜೊತೆ ದುಬೈಗೆ ಬಂದಿದ್ದರು. ಮಾಲಿನಲ್ಲಿ ಅವರಿಗೆ ಅರ್ಧ ಗಂಟೆಗೇ ಸಾಕಾಯಿತು. ಕ್ರೀಕಿಗೆ ಕರೆದುಕೊಂಡು ಹೋದರು. ಬರ್ ದುಬೈ ದಡದಿಂದ ದೇರಾ ದಡಕ್ಕೆ ಅಬ್ರಾ ಎಂಬ ಮರದ ದೋಣಿ, ಒಬ್ಬರಿಗೆ 1 ದಿರ್ಹಮ್. ಐದು ನಿಮಿಷದ ಪ್ರಯಾಣ. ಒಂದು ಬದಿಗೆ ಅಲ್ ಫಹೀದಿಯ ಗಾಳಿಗೋಪುರದ ಮನೆಗಳು, ಇನ್ನೊಂದು ಬದಿಗೆ ಮಸಾಲೆ, ಚಿನ್ನದ ಸೂಕ್, ಅಂದರೆ ಪೇಟೆ. ಕರೆಂಟಿಲ್ಲದ ಕಾಲದಲ್ಲಿ ಮೇಲಿನ ಗಾಳಿಯನ್ನು ಹಿಡಿದು ಮನೆಯೊಳಗೆ ಇಳಿಸುತ್ತಿದ್ದ ಗೋಪುರಗಳವು. ಆ ಹಳೆ ಮನೆಗಳಲ್ಲಿ ಅರ್ಧದಷ್ಟನ್ನು 1980ರ ದಶಕದಲ್ಲಿ ಕೆಡವಿದ್ದರು, ಉಳಿದದ್ದನ್ನು ಆಮೇಲೆ ಜೋಪಾನ ಮಾಡಿದರು. ನನ್ನನ್ನು ಕೇಳಿದರೆ ದುಬೈಯಲ್ಲಿ ಮತ್ತೆ ಮತ್ತೆ ನೋಡಬೇಕು ಅನಿಸುವ ಜಾಗ ಇದೊಂದೇ. ಯಾಕೆಂದರೆ ಇಲ್ಲಿ ಸರಕು ಇಳಿಯುತ್ತಿದೆ, ಜನ ಕೆಲಸಕ್ಕೆ ಹೋಗುತ್ತಿದ್ದಾರೆ, ಅದರ ನಡುವೆ ನಾವೂ ಇದ್ದೇವೆ.

ದಾರಿ ಬೇರೆಯವರ ಕೈಗೆ ಹೋದರೆ

ಪಕ್ಕದ ಊರುಗಳೂ ಸುಮ್ಮನಿಲ್ಲ. ಅಬುಧಾಬಿ ವಸ್ತುಸಂಗ್ರಹಾಲಯಗಳನ್ನು ನಂಬಿದೆ, 2017ರಲ್ಲಿ ಲೂವ್ರ್ ತೆರೆಯಿತು, 2025ರ ಮೇನಲ್ಲಿ ಡಿಸ್ನಿ ಪಾರ್ಕ್ ಘೋಷಿಸಿತು. ದೋಹಾ 2022ರಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆಸಿತು. 2019ರವರೆಗೆ ಪ್ರವಾಸಿ ವೀಸಾವನ್ನೇ ಕೊಡದಿದ್ದ ಸೌದಿ ಅರೇಬಿಯಾ ಈಗ ರಿಯಾದ್‌ನಲ್ಲಿ 2030ರ ಎಕ್ಸ್‌ಪೋಗೆ, 2034ರ ವಿಶ್ವಕಪ್‌ಗೆ ತಯಾರಾಗುತ್ತಿದೆ. ಇವರೆಲ್ಲ ದುಬೈಯ ಪಾಠ ಓದಿದವರೇ. ಆದರೆ ದುಬೈಗೆ ನಿಜವಾದ ಪೈಪೋಟಿ ಇನ್ನೊಂದು ಗೋಪುರದಿಂದ ಬರುತ್ತದೆ ಎಂದು ನನಗನಿಸುವುದಿಲ್ಲ. ಅದು ಆಕಾಶದಿಂದಲೇ ಬರಬೇಕು.

2025ರ ಜೂನ್ 23ರ ಸಂಜೆ ಕತಾರ್‌ನಲ್ಲಿರುವ ಅಮೆರಿಕದ ಅಲ್ ಉದೈದ್ ಸೇನಾ ನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸಿದಾಗ ಗಲ್ಫಿನ ವಾಯುಮಾರ್ಗ ಕೆಲವು ಗಂಟೆ ನಿಂತಿತು. ಅಷ್ಟಕ್ಕೇ ಬೆಂಗಳೂರಿನಿಂದ ಹಿಡಿದು ಯುರೋಪ್‌ವರೆಗೆ ವಿಮಾನಗಳು ಅಸ್ತವ್ಯಸ್ತ. ಎಲ್ಲರೂ ಒಂದೇ ಕವಲಿನಲ್ಲಿ ಇಳಿದು ಹತ್ತುವ ಏರ್ಪಾಡು ಎಷ್ಟು ನಾಜೂಕಾದದ್ದು ಎಂಬುದು ಆ ರಾತ್ರಿ ಕಂಡಿತು. ಎರಡನೆಯ ಪೈಪೋಟಿ ನಮ್ಮ ದೇಶದ್ದೇ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಭಾರತದಿಂದ ಯುರೋಪಿಗೆ, ಅಮೆರಿಕಕ್ಕೆ ನೇರ ವಿಮಾನ ಹೆಚ್ಚಿದಷ್ಟೂ ದುಬೈಯಲ್ಲಿ ಇಳಿಯುವ ಕಾರಣ ಕಡಿಮೆಯಾಗುತ್ತದೆ.

ಇಷ್ಟಿದ್ದರೂ ದುಬೈ ತನ್ನ ಹಳೆ ಅಭ್ಯಾಸ ಬಿಟ್ಟಿಲ್ಲ, ದಾರಿ ಅಗಲ ಮಾಡುತ್ತಿದೆ. 2024ರ ಏಪ್ರಿಲಿನಲ್ಲಿ ತನ್ನ ಎರಡನೆಯ ವಿಮಾನ ನಿಲ್ದಾಣವಾದ ಅಲ್ ಮಕ್ತೂಮ್‌ಗೆ 3,500 ಕೋಟಿ ಡಾಲರ್‌ನ ಹೊಸ ಟರ್ಮಿನಲ್ ಘೋಷಿಸಿತು. ಪೂರ್ತಿಯಾದಾಗ ವರ್ಷಕ್ಕೆ 26 ಕೋಟಿ ಪ್ರಯಾಣಿಕರು, ಐದು ರನ್‌ವೇ. ಅದನ್ನು ತುಂಬಿಸಲು ಭಾರತದ ಪ್ರಯಾಣಿಕರು ಬೇಕೇ ಬೇಕು. ಆದರೆ ಭಾರತ ಮತ್ತು ದುಬೈ ನಡುವೆ 2014ರಲ್ಲಿ ಆದ ಒಪ್ಪಂದದಂತೆ ಎರಡೂ ಕಡೆಯ ವಿಮಾನಗಳಿಗೆ ವಾರಕ್ಕೆ ತಲಾ ಸುಮಾರು 66,000 ಸೀಟು. ಹೆಚ್ಚಿಸಿ ಎಂದು ದುಬೈ ಕೇಳುತ್ತಲೇ ಇದೆ. ತನ್ನ ಸಂಸ್ಥೆಗಳು ಬೆಳೆಯಲಿ ಎಂದು ದೆಹಲಿ ತಡೆಹಿಡಿದಿದೆ. ದೆಹಲಿಯ ಕಾಳಜಿ ತಪ್ಪಲ್ಲ. ಆದರೆ ಅದರ ಬಿಸಿ ತಟ್ಟುವುದು ರಜೆ ಕಳೆಯಲು ಹೋಗುವವರಿಗಿಂತ ದುಡಿಯಲು ಹೋದವರಿಗೆ.

ಬೆಂಗಳೂರಿಗೆ 2022ರ ಅಕ್ಟೋಬರಿನಿಂದ ಎಮಿರೇಟ್ಸ್‌ನ ಎರಡಂತಸ್ತಿನ ಎ380 ಬರುತ್ತಿದೆ. ಕರಾವಳಿಯ ಕಥೆ ಬೇರೆ. ಮೊದಲೆಲ್ಲ ಉಡುಪಿ, ಕುಂದಾಪುರ, ಭಟ್ಕಳದಿಂದ ಗಲ್ಫಿಗೆ ಹೋಗುವವರು ಬಸ್ಸಿನಲ್ಲಿ ಮುಂಬೈಗೆ ಹೋಗಿ ವಿಮಾನ ಹತ್ತುತ್ತಿದ್ದರು. 2006ರಲ್ಲಿ ಮಂಗಳೂರಿನಿಂದಲೇ ದುಬೈ ವಿಮಾನ ಶುರುವಾದಾಗ ಎಷ್ಟೋ ಮನೆಗಳಲ್ಲಿ ಹಬ್ಬ. 2010ರ ಮೇ 22ರ ಬೆಳಿಗ್ಗೆ ಅದೇ ದಾರಿಯಲ್ಲಿ ದುಬೈಯಿಂದ ಬಂದ ವಿಮಾನ ಬಜಪೆಯ ಗುಡ್ಡದ ಅಂಚಿನಿಂದ ಕೆಳಗೆ ಬಿದ್ದು 158 ಜನ ಹೋದರು. ಆ ದಿನ ನಮ್ಮ ಕಡೆ ಪರಿಚಯದ ಒಬ್ಬರನ್ನಾದರೂ ಕಳೆದುಕೊಳ್ಳದ ಊರು ಕಡಿಮೆ. ಇವತ್ತಿಗೂ ಮಂಗಳೂರಿನಿಂದ ಗಲ್ಫಿಗೆ ಹಾರುವುದು ನಮ್ಮ ದೇಶದ ಒಂದೆರಡು ಸಂಸ್ಥೆಗಳು ಮಾತ್ರ. ಶಾಲೆಗೆ ರಜೆ ಬಂತೆಂದರೆ, ಅಲ್ಲಿನ ಸೆಕೆ ತಾಳದೆ ಎಲ್ಲರೂ ಒಟ್ಟಿಗೆ ಊರಿಗೆ ಹೊರಟರೆಂದರೆ, ಟಿಕೆಟ್ ದರ ಎರಡು ಮೂರು ಪಟ್ಟು. ದುಬೈಯಲ್ಲಿ ಮಗನ ಮನೆ ನೋಡಲು ವಿಸಿಟ್ ವೀಸಾ ಮಾಡಿಸಿಕೊಂಡ ಅಪ್ಪ ಅಮ್ಮ ಕೂಡ ದರ ಇಳಿಯುವ ತನಕ ಕಾಯುತ್ತಾರೆ. ವಾರಕ್ಕೆ ಎಷ್ಟು ಸೀಟು ಎಂಬ ಆ ಒಪ್ಪಂದದ ಮಾತುಕತೆ ಮುಂದೆ ನಡೆದಾಗ ಮಂಗಳೂರಿನ ಹೆಸರೂ ಅದರಲ್ಲಿ ಸೇರಬೇಕು. ಅದನ್ನು ನಮ್ಮ ಸಂಸದರು ಕೇಳಬೇಕು, ನಾವು ಅವರನ್ನು ಕೇಳಬೇಕು.